ಕೆರೆ ಗೋಡಿನಲ್ಲಿ ಸೀಸ, ಕ್ಯಾಡ್ಮಿಯಂ ಇದೆಯೇ? ಯಾವ ಪರೀಕ್ಷೆ ಯಾರಿಗೆ ಸರಿ

ಬೇಸಿಗೆ ಕಾಲಿಟ್ಟಿತೆಂದರೆ ಕೋಲಾರ ಸೀಮೆಯಲ್ಲಿ ಗೋಡು, ಅಂದರೆ ಕೆರೆಯ ಹೂಳುಮಣ್ಣು, ಹೊಲಕ್ಕೆ ಹೊಡೆಯುವ ಮಾತು ಶುರುವಾಗುತ್ತದೆ. ಹಿಪ್ಪುನೇರಳೆ ತೋಟಕ್ಕೂ ಗೋಡು ಬೇಕು, ಟೊಮೆಟೊ ಹೊಲಕ್ಕೂ ಬೇಕು. ಕೆಲವು ವರ್ಷಗಳಿಂದ ಈ ಮಾತಿನ ಜತೆ ಒಂದು ಅಳುಕೂ ಸೇರಿಕೊಂಡಿದೆ. ಬೆಂಗಳೂರಿನ ಸಂಸ್ಕರಿತ ಕೊಳಚೆ ನೀರು ಬಿದ್ದ ಕೆರೆಯ ಗೋಡಿನಲ್ಲಿ ಭಾರಲೋಹ ಇರಬಹುದೇ? ಇದ್ದರೆ ತಿಳಿಯುವುದು ಹೇಗೆ? ಪಂಚಾಯಿತಿ ಸದಸ್ಯರು, ಕೆರೆ ಸಂಘದವರು, ಮಕ್ಕಳಿಂದ ಪ್ರಾಜೆಕ್ಟ್ ಮಾಡಿಸುವ ಕಾಲೇಜು ಮೇಷ್ಟ್ರುಗಳು, ಎಲ್ಲರೂ ಕೊನೆಗೆ ಕೇಳುವುದು ಒಂದನ್ನೇ: ‘ಯಾವ ಟೆಸ್ಟ್ ಮಾಡಿಸೋಣ?’ ಒಬ್ಬರು ನೀರಿನ ಪರೀಕ್ಷೆ ಸಾಕು ಅನ್ನುತ್ತಾರೆ, ಇನ್ನೊಬ್ಬರು ಐಸಿಪಿ-ಎಂಎಸ್ ಎಂಬ ದುಬಾರಿ ಲ್ಯಾಬು ಪರೀಕ್ಷೆ ಬೇಕೇ ಬೇಕು ಅನ್ನುತ್ತಾರೆ, ಮತ್ತೊಬ್ಬರು ಕೈಯಲ್ಲಿ ಹಿಡಿಯುವ ಯಂತ್ರ ತಂದು ಅರ್ಧ ದಿನದಲ್ಲಿ ಮುಗಿಸೋಣ ಅನ್ನುತ್ತಾರೆ. ಮೂವರ ಮಾತಿನಲ್ಲೂ ಹುರುಳಿದೆ. ಆದರೆ ಮೂರೂ ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ.

ಹಿನ್ನೆಲೆ ಗೊತ್ತಿಲ್ಲದವರಿಗೆ ಎರಡು ಮಾತು. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ, ಅಂದರೆ ಕೆ.ಸಿ. ವ್ಯಾಲಿಯ ನೀರು 2018ರ ಜೂನ್‌ನಲ್ಲಿ ಕೋಲಾರ ಜಿಲ್ಲೆಯ ಲಕ್ಷ್ಮೀಸಾಗರ ಕೆರೆಗೆ ಬಂತು. ದಿನಕ್ಕೆ 440 ದಶಲಕ್ಷ ಲೀಟರ್ ನೀರನ್ನು ಎರಡನೇ ಹಂತದವರೆಗೆ ಶುದ್ಧೀಕರಿಸಿ 126 ಕೆರೆ ತುಂಬಿಸುವುದು ಮೂಲ ಯೋಜನೆ. ಮರುತಿಂಗಳೇ ಕೆರೆಯಲ್ಲಿ ನೊರೆ ಕಾಣಿಸಿಕೊಂಡು ನೀರು ನಿಲ್ಲಿಸಬೇಕಾಯಿತು, ವಿಷಯ ಹೈಕೋರ್ಟ್ ಮೆಟ್ಟಿಲನ್ನೂ ಆಮೇಲೆ ಸುಪ್ರೀಂ ಕೋರ್ಟ್ ಮೆಟ್ಟಿಲನ್ನೂ ಹತ್ತಿತು, ನಂತರ ನೀರು ಮತ್ತೆ ಹರಿಯಿತು. ಚಿಕ್ಕಬಳ್ಳಾಪುರದ ಕಡೆಗೆ ಹೆಬ್ಬಾಳ-ನಾಗವಾರ ಕಣಿವೆಯಿಂದ ದಿನಕ್ಕೆ 210 ದಶಲಕ್ಷ ಲೀಟರ್‌ನ ಇಂಥದೇ ಯೋಜನೆ ಇದೆ. ಹೊಳೆ ಕಾಣದ ನಾಡಿಗೆ ನೀರು ಬಂದದ್ದು ದೊಡ್ಡ ಸಂಗತಿಯೇ. ಮೂರನೇ ಹಂತದ ಶುದ್ಧೀಕರಣ ಬೇಕೆಂಬ ಬೇಡಿಕೆ ಮೊದಲಿನಿಂದ ಇದೆ, ಅದು ನ್ಯಾಯವಾದದ್ದು ಎಂಬುದು ನನ್ನ ಅಭಿಪ್ರಾಯ. ಇಲ್ಲಿ ನಾನು ಬರೆಯುತ್ತಿರುವುದು ಮಾತ್ರ ಅಳತೆಯ ಬಗ್ಗೆ.

ನೀರು ಬಿಟ್ಟು ಹೂಳನ್ನೇ ಏಕೆ ಅಳೆಯಬೇಕು? ಸೀಸ, ತಾಮ್ರ, ಸತು, ಕ್ಯಾಡ್ಮಿಯಂ, ಕ್ರೋಮಿಯಂ ನೀರಿನಲ್ಲಿ ಬಹಳ ಹೊತ್ತು ತೇಲಿಕೊಂಡಿರುವುದಿಲ್ಲ. ಜೇಡಿಯ ಕಣಕ್ಕೆ, ಕಬ್ಬಿಣ-ಮ್ಯಾಂಗನೀಸ್ ಆಕ್ಸೈಡಿಗೆ, ಕೊಳೆತ ಸೊಪ್ಪುಸದೆಗೆ ಅಂಟಿಕೊಂಡು ತಳ ಸೇರುತ್ತವೆ. ಇವತ್ತು ತುಂಬಿದ ನೀರಿನ ಬಾಟಲಿ ಇವತ್ತಿನ ಸುದ್ದಿ ಮಾತ್ರ ಹೇಳುತ್ತದೆ. ಹೂಳಿನಲ್ಲಿ ವರ್ಷಗಳ ಲೆಕ್ಕ ಪದರ ಪದರವಾಗಿ ಕೂತಿರುತ್ತದೆ.

ಹೂಳು ಅಳೆಯುವ ಈ ವಿದ್ಯೆ ಬಂದರುಗಳಲ್ಲಿ ಬಹಳ ಬಳಕೆಯಲ್ಲಿದೆ. ಹಡಗಿನ ತಳಕ್ಕೆ ಪಾಚಿ, ಚಿಪ್ಪು ಹತ್ತದಿರಲೆಂದು ಬಳಿಯುವ ಬಣ್ಣದಿಂದ ತಾಮ್ರ, ತುಕ್ಕು ತಡೆಯಲು ಕಟ್ಟುವ ತುಂಡುಗಳಿಂದ ಸತು, ಅದಿರು ಇಳಿಸಿ ಏರಿಸುವಾಗ ಬೀಳುವ ದೂಳು, ಎಲ್ಲ ಸೇರುವುದು ಅಲ್ಲಿನ ತಳದ ಕೆಸರಿಗೆ. ಪಣಂಬೂರಿನಂಥ ಬಂದರಿನಲ್ಲಿ ಹೂಳೆತ್ತಿ ಕಡಲಿಗೆ ಸುರಿಯುವ ಮುನ್ನ ಕೇಳುವ ಪ್ರಶ್ನೆಯೂ, ನಮ್ಮಲ್ಲಿ ಕೆರೆ ಹೂಳೆತ್ತಿ ಹೊಲಕ್ಕೆ ಸುರಿಯುವ ಮುನ್ನ ಕೇಳುವ ಪ್ರಶ್ನೆಯೂ ಒಂದೇ ಜಾತಿಯವು. ಅಲ್ಲಿ ಒಳಬಂದರಿನಿಂದ ಹೊರಗಡಲಿನವರೆಗೆ ಸಾಲಾಗಿ ಮಾದರಿ ತೆಗೆಯುತ್ತಾರೆ. ಇಲ್ಲಿ ಒಂದರ ಕೋಡಿ ಇನ್ನೊಂದಕ್ಕೆ ಹರಿಯುವ ಸರಣಿ ಕೆರೆಗಳಿವೆ. ಮೇಲಿನ ಕೆರೆಯಲ್ಲಿ ಹೂಳು ಹೆಚ್ಚು ನಿಲ್ಲುತ್ತದೆ, ಕೆಳಕ್ಕೆ ಹೋದಂತೆ ಕಡಿಮೆ. ಆದ್ದರಿಂದ ಬಂದರಿನ ಕ್ರಮ ನಮ್ಮ ಕೆರೆಗಳಿಗೂ ಚೆನ್ನಾಗಿ ಹೊಂದುತ್ತದೆ.

ಆಯ್ಕೆಗೆ ಮುಂಚೆ ಯೋಚಿಸಬೇಕಾದ್ದು

ಮೊದಲನೆಯದು, ನಿಮ್ಮ ಪ್ರಶ್ನೆ ಯಾವುದು? ‘ಈ ಗೋಡನ್ನು ಹೊಲಕ್ಕೆ ಹಾಕಬಹುದೇ’ ಎಂಬುದು ಒಂದು. ‘ವರ್ಷದಿಂದ ವರ್ಷಕ್ಕೆ ಲೋಹ ಏರುತ್ತಿದೆಯೇ’ ಎಂಬುದು ಇನ್ನೊಂದು. ‘ಇದಕ್ಕೆ ಕಾರಣ ಹೊರಗಿನ ನೀರೇ ಎಂದು ಅಧಿಕಾರಿಗಳ ಮುಂದೆ, ಬೇಕಾದರೆ ಕೋರ್ಟಿನಲ್ಲಿ ತೋರಿಸಬೇಕು’ ಎಂಬುದು ಮೂರನೆಯದು. ಮೊದಲನೆಯದಕ್ಕೆ ಕಡಿಮೆ ದುಡ್ಡಿನಲ್ಲಿ ಉತ್ತರ ಸಿಗುತ್ತದೆ. ಎರಡನೆಯದಕ್ಕೆ ತಾಳ್ಮೆ ಬೇಕು. ಮೂರನೆಯದಕ್ಕೆ ದುಡ್ಡು, ತಾಳ್ಮೆ, ಕಾಗದಪತ್ರ ಮೂರೂ ಬೇಕು.

ಎರಡನೆಯದು, ಎಷ್ಟು ಸಣ್ಣ ಪ್ರಮಾಣವನ್ನು ಕಾಣಬೇಕು? ಸಿಹಿನೀರಿನ ಹೂಳಿಗೆ ಉತ್ತರ ಅಮೆರಿಕದ ವಿಜ್ಞಾನಿಗಳು 2000ದಲ್ಲಿ ಒಟ್ಟುಗೂಡಿಸಿದ ಮಟ್ಟಗಳನ್ನು ಲೋಕವೆಲ್ಲ ಬಳಸುತ್ತದೆ. ಒಂದೊಂದು ಲೋಹಕ್ಕೂ ಎರಡು ಗೆರೆ. ಕೆಳಗಿನ ಗೆರೆಗಿಂತ ಕಡಿಮೆ ಇದ್ದರೆ ತಳದ ಜೀವಿಗಳಿಗೆ ತೊಂದರೆ ಅಪರೂಪ, ಮೇಲಿನ ಗೆರೆ ದಾಟಿದರೆ ತೊಂದರೆಯ ಸಂಭವ ಹೆಚ್ಚು. ಒಂದು ಕೆಜಿ ಒಣ ಹೂಳಿಗೆ ಮಿಲಿಗ್ರಾಂ ಲೆಕ್ಕದಲ್ಲಿ ಹೇಳುವುದಾದರೆ ಸೀಸಕ್ಕೆ 35.8 ಮತ್ತು 128, ತಾಮ್ರಕ್ಕೆ 31.6 ಮತ್ತು 149, ಸತುವಿಗೆ 121 ಮತ್ತು 459, ಕ್ರೋಮಿಯಂಗೆ 43.4 ಮತ್ತು 111, ನಿಕಲ್‌ಗೆ 22.7 ಮತ್ತು 48.6, ಕ್ಯಾಡ್ಮಿಯಂಗೆ ಬರೀ 0.99 ಮತ್ತು 4.98. ಕೊನೆಯ ಜೋಡಿಯನ್ನು ಗಮನಿಸಿ. ಸೀಸವನ್ನು ಸಲೀಸಾಗಿ ಅಳೆಯುವ ಯಂತ್ರಕ್ಕೆ ಕ್ಯಾಡ್ಮಿಯಂ ಕಾಣದೇ ಹೋಗಬಹುದು. ಗೊಬ್ಬರದ ದೃಷ್ಟಿಯಿಂದ ನೋಡುವವರಿಗೆ ನಮ್ಮ ದೇಶದ್ದೇ ಒಂದು ಅಳತೆ ಇದೆ. 1985ರ ರಸಗೊಬ್ಬರ ನಿಯಂತ್ರಣ ಆದೇಶವು ನಗರದ ಕಾಂಪೋಸ್ಟಿಗೆ ಸೀಸ 100, ಕ್ಯಾಡ್ಮಿಯಂ 5, ಕ್ರೋಮಿಯಂ 50, ನಿಕಲ್ 50, ತಾಮ್ರ 300, ಸತು 1000 ಎಂದು ಮಿತಿ ಇಟ್ಟಿದೆ. ಅದು ಗೋಡಿಗೆ ಮಾಡಿದ ನಿಯಮವಲ್ಲ, ಆದರೂ ಹೊಲಕ್ಕೆ ಹೋಗುವ ವಸ್ತುವಿಗೆ ಮಾಡಿದ್ದು.

ಮೂರನೆಯದನ್ನು ಹೆಚ್ಚಿನವರು ಬಿಟ್ಟೇಬಿಡುತ್ತಾರೆ, ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದೂ ಅದೇ. ಬಂದ ಅಂಕಿಯನ್ನು ಯಾವುದರ ಜತೆ ಹೋಲಿಸುತ್ತೀರಿ? ಭೂಮಿಯ ಮೇಲಿನ ಸಾಧಾರಣ ಜೇಡಿಕಲ್ಲಿನಲ್ಲಿ ಸರಾಸರಿ ನಿಕಲ್ 68, ಕ್ರೋಮಿಯಂ 90 ಇದೆ. ಅಂದರೆ ಮನುಷ್ಯನ ಕೈ ಸೋಕದ ಮಣ್ಣು ಕೂಡ ಮೇಲೆ ಹೇಳಿದ ನಿಕಲ್‌ನ ಎರಡೂ ಗೆರೆಗಳನ್ನು, ಕಾಂಪೋಸ್ಟಿನ ಮಿತಿಯನ್ನೂ ದಾಟಿ ನಿಂತಿರಬಹುದು. ಕೋಲಾರದಲ್ಲಿ ಇದು ಇನ್ನೂ ತೊಡಕು. ಚಿನ್ನದ ಗಣಿಗಳಿದ್ದ ಕೋಲಾರ ಶಿಲಾಪಟ್ಟಿ ಉತ್ತರ-ದಕ್ಷಿಣವಾಗಿ ಸುಮಾರು 80 ಕಿ.ಮೀ. ಹಬ್ಬಿದೆ. ಅಲ್ಲಿನ ಕಪ್ಪು ಆಂಫಿಬೊಲೈಟ್ ಕಲ್ಲಿನಲ್ಲಿ ಕ್ರೋಮಿಯಂ, ನಿಕಲ್, ತಾಮ್ರ ಹುಟ್ಟಿನಿಂದಲೇ ಹೆಚ್ಚು. ಆ ಶಿಲಾಪಟ್ಟಿಯ ಆಚೀಚೆ ಇರುವ ಗ್ರಾನೈಟು, ನೈಸ್ ಎಂಬ ಜಾತಿಯ ಕಲ್ಲುಗಳ ಕಡೆ ಕಡಿಮೆ. ಒಂದೇ ಜಿಲ್ಲೆಯ ಎರಡು ಕೆರೆಗಳಿಗೆ ಒಂದೇ ವಿದೇಶಿ ಪಟ್ಟಿ ಹಿಡಿದು ಒಂದನ್ನು ಕೆಟ್ಟದ್ದು, ಇನ್ನೊಂದನ್ನು ಒಳ್ಳೆಯದು ಎಂದು ತೀರ್ಪು ಕೊಟ್ಟರೆ ಎರಡು ಊರಿಗೂ ಅನ್ಯಾಯ.

ನಾಲ್ಕನೆಯದು, ಮುಂದಿನ ಸಲವೂ ಇದೇ ಜಾಗದಲ್ಲಿ, ಇದೇ ರೀತಿಯಲ್ಲಿ ಮಾಡಿಸಲು ನಿಮ್ಮಿಂದ ಆಗುತ್ತದೆಯೇ? ಒಂದು ವರ್ಷ ದುಬಾರಿ ಪರೀಕ್ಷೆ ಮಾಡಿಸಿ ಕೈಚೆಲ್ಲುವುದಕ್ಕಿಂತ, ನಾಲ್ಕು ವರ್ಷ ಬಿಡದೆ ನಡೆಸಬಹುದಾದ ಸಾಧಾರಣ ಪರೀಕ್ಷೆ ಮೇಲು. ಬಜೆಟ್ಟನ್ನು ಈ ಕಣ್ಣಿನಿಂದ ನೋಡಿ.

ಮಣ್ಣು ಆರೋಗ್ಯ ಕಾರ್ಡು ಮತ್ತು ನೀರಿನ ಪರೀಕ್ಷೆ

ಎರಡೂ ಸುಲಭವಾಗಿ ಸಿಗುವುದರಿಂದ ಜನ ಮೊದಲು ಹೋಗುವುದು ಅತ್ತಲೇ. ಮಣ್ಣು ಆರೋಗ್ಯ ಕಾರ್ಡಿನಲ್ಲಿ 12 ಅಂಶಗಳಿರುತ್ತವೆ: ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ರಸಸಾರ (ಪಿಎಚ್), ಲವಣಾಂಶ, ಸಾವಯವ ಇಂಗಾಲ. ಸತು, ತಾಮ್ರ ಕಂಡೊಡನೆ ‘ಲೋಹದ ಪರೀಕ್ಷೆ ಆಯಿತು’ ಎಂದು ತಿಳಿಯಬೇಡಿ. ಅಲ್ಲಿ ಅಳೆಯುವುದು ಬೆಳೆಗೆ ಸತು ಸಾಲುತ್ತದೆಯೇ ಎಂದು, ಹೆಚ್ಚಾಗಿದೆಯೇ ಎಂದಲ್ಲ. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ ಆ ಪಟ್ಟಿಯಲ್ಲೇ ಇಲ್ಲ. ಹಾಗೆಂದು ಕಾರ್ಡು ದಂಡವೇನಲ್ಲ. ರಸಸಾರ ಎಷ್ಟು ಎಂಬುದು ಲೋಹದ ಲೆಕ್ಕಕ್ಕೂ ಬೇಕು, ಏಕೆಂದರೆ ಮಣ್ಣಿನಲ್ಲಿ ಹುಳಿ ಹೆಚ್ಚಿದಷ್ಟೂ ಕ್ಯಾಡ್ಮಿಯಂ ಗಿಡಕ್ಕೆ ಸುಲಭವಾಗಿ ಏರುತ್ತದೆ.

ಕುಡಿಯುವ ನೀರಿನ ಭಾರತೀಯ ಮಾನಕ, 2012ರದು, ಒಂದು ಲೀಟರಿಗೆ ಸೀಸ 0.01, ಕ್ಯಾಡ್ಮಿಯಂ 0.003, ಒಟ್ಟು ಕ್ರೋಮಿಯಂ 0.05 ಮಿಲಿಗ್ರಾಂ ಮೀರಬಾರದು ಅನ್ನುತ್ತದೆ. ಕೆರೆಯ ಪಕ್ಕದ ಕೊಳವೆ ಬಾವಿಯ ನೀರು ಕುಡಿಯುವ ಊರಾದರೆ ಈ ಪರೀಕ್ಷೆಯನ್ನು ಬೇರೆ ಯಾವುದಕ್ಕೂ ಕಾಯದೆ ಮಾಡಿಸಿ. ಅದು ಜನರ ಆರೋಗ್ಯದ ಪ್ರಶ್ನೆ, ಹೂಳಿನ ಪರೀಕ್ಷೆ ಅದಕ್ಕೆ ಬದಲಿಯಲ್ಲ. ಆದರೆ ಕೆರೆಯ ನೀರು ಪಾಸಾಯಿತೆಂದು ಗೋಡೂ ಪಾಸಾಯಿತು ಎಂದುಕೊಳ್ಳುವುದಕ್ಕೆ ಯಾವ ಆಧಾರವೂ ಇಲ್ಲ.

ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್

ನೋಡಲು ಡ್ರಿಲ್ಲಿಂಗ್ ಮಷಿನ್ನಿನಂತೆ ಇರುತ್ತದೆ. ಮಣ್ಣಿಗೆ ತಾಗಿಸಿ ಗುಂಡಿ ಒತ್ತಿದರೆ ಎಕ್ಸ್-ಕಿರಣ ಹೋಗಿ, ಅದಕ್ಕೆ ಲೋಹ ಕೊಡುವ ಮರುಕಿರಣವನ್ನು ಓದಿ, ಒಂದೆರಡು ನಿಮಿಷದಲ್ಲಿ ಪಟ್ಟಿ ತೋರಿಸುತ್ತದೆ. ಯಂತ್ರಕ್ಕೆ ಲಕ್ಷಗಟ್ಟಲೆ ಬೆಲೆ, ಕೊಳ್ಳುವ ಮಾತು ಬೇಡ. ವಿಶ್ವವಿದ್ಯಾಲಯ ಅಥವಾ ಸಂಸ್ಥೆಯಿಂದ ಎರವಲು ಸಿಕ್ಕರೆ ಒಂದೇ ದಿನದಲ್ಲಿ ನೂರು ಕಡೆ ಅಳೆಯಬಹುದು. ಆ ಸಂಖ್ಯೆಯೇ ಇದರ ದೊಡ್ಡ ಶಕ್ತಿ. ಕೆರೆಯಂಗಳದ ಯಾವ ಮೂಲೆಯಲ್ಲಿ ಸೀಸ, ಸತು ಕೂಡಿಕೊಂಡಿದೆ ಎಂದು ನಕ್ಷೆ ಹಾಕಲು ಇದಕ್ಕಿಂತ ಅಗ್ಗದ ದಾರಿಯಿಲ್ಲ.

ಮಿತಿಗಳೂ ಅಷ್ಟೇ ಗಟ್ಟಿಯಾಗಿವೆ. ಹಸಿ ಹೂಳಿನ ಮೇಲೆ ಹಿಡಿದರೆ ನೀರು ಕಿರಣವನ್ನು ತಡೆದು ಅಂಕಿ ಇಳಿಯುತ್ತದೆ. ಒಣಗಿಸಿ, ಜರಡಿ ಹಿಡಿದು, ನುಣ್ಣಗೆ ಅರೆದು ಅಳೆಯಬೇಕು. ಸೀಸ ಹೆಚ್ಚಿರುವಲ್ಲಿ ಆರ್ಸೆನಿಕ್ ಸರಿಯಾಗಿ ಕಾಣುವುದಿಲ್ಲ, ಏಕೆಂದರೆ ಎರಡರ ಮುಖ್ಯ ಕಿರಣಗಳೂ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಬೀಳುತ್ತವೆ. ಕ್ಯಾಡ್ಮಿಯಂ ಅಂತೂ ನಮಗೆ ಬೇಕಾದ 1 ಮಿಲಿಗ್ರಾಂ ಮಟ್ಟದಲ್ಲಿ ಇದರ ಕಣ್ಣಿಗೆ ಬೀಳುವುದೇ ಇಲ್ಲ. ಪರದೆಯಲ್ಲಿ ‘ಪತ್ತೆಯಾಗಿಲ್ಲ’ ಎಂದು ಬಂದರೆ ‘ಇಲ್ಲ’ ಎಂದು ಊರಿಗೆ ಹೇಳಬೇಡಿ.

ಎಎಎಸ್, ಐಸಿಪಿ-ಓಇಎಸ್, ಐಸಿಪಿ-ಎಂಎಸ್

ಇವು ಲ್ಯಾಬಿನಲ್ಲಿ ಲೋಹ ಅಳೆಯುವ ಮೂರು ಬಗೆಯ ಯಂತ್ರಗಳು. ಮೂರರಲ್ಲೂ ಒಣ ಹೂಳನ್ನು ಆಮ್ಲದಲ್ಲಿ ಕುದಿಸಿ, ಸೋಸಿದ ದ್ರಾವಣವನ್ನು ಅಳೆಯುತ್ತಾರೆ. ಎಎಎಸ್ ಒಂದು ಸಲಕ್ಕೆ ಒಂದು ಲೋಹ ನೋಡುತ್ತದೆ, ಹಲವು ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಇದೆ, ಎರಡು-ಮೂರು ಲೋಹ ಸಾಕು ಅನ್ನುವವರಿಗೆ ಖರ್ಚು ಕಡಿಮೆ. ಐಸಿಪಿ-ಓಇಎಸ್ ಒಂದೇ ಸಲಕ್ಕೆ ಹತ್ತಿಪ್ಪತ್ತು ಮೂಲವಸ್ತು ನೋಡುತ್ತದೆ. ಐಸಿಪಿ-ಎಂಎಸ್ ಅದಕ್ಕಿಂತ ಎಷ್ಟೋ ಪಾಲು ಸಣ್ಣ ಪ್ರಮಾಣವನ್ನೂ ಹಿಡಿಯುತ್ತದೆ, ದರವೂ ಹಾಗೆಯೇ ಏರುತ್ತದೆ.

ಇಲ್ಲಿ ಕ್ಯಾಡ್ಮಿಯಂ ಲೆಕ್ಕವನ್ನು ನೀವೇ ಹಾಕಿ ನೋಡಿ. ಲ್ಯಾಬಿನವರು 1 ಗ್ರಾಂ ಹೂಳನ್ನು ಕರಗಿಸಿ 50 ಮಿಲಿಲೀಟರ್ ಮಾಡುತ್ತಾರೆ ಅಂದುಕೊಳ್ಳಿ. ಅವರ ಜ್ವಾಲೆ ಬಳಸುವ ಎಎಎಸ್ ನಂಬಿಕೆಯಿಂದ ಅಳೆಯುವ ಕನಿಷ್ಠ ಮಟ್ಟ ಲೀಟರಿಗೆ 0.02 ಮಿಲಿಗ್ರಾಂ ಆದರೆ, ಹೂಳಿನ ಲೆಕ್ಕದಲ್ಲಿ ಅದು ಕೆಜಿಗೆ 1 ಮಿಲಿಗ್ರಾಂ. ನಮ್ಮ ಕೆಳಗಿನ ಗೆರೆ 0.99. ಅಂದರೆ ಎಲ್ಲಿಂದ ಎಚ್ಚರ ಶುರುವಾಗಬೇಕೋ ಅಲ್ಲಿಯವರೆಗೆ ಆ ಯಂತ್ರ ಕುರುಡು. ಕ್ಯಾಡ್ಮಿಯಂ ಮುಖ್ಯವೆನಿಸಿದರೆ ಗ್ರಾಫೈಟ್ ಫರ್ನೇಸ್ ಇರುವ ಎಎಎಸ್ ಅಥವಾ ಐಸಿಪಿ-ಎಂಎಸ್ ಕೇಳಿ. ಸೀಸ, ಸತು, ತಾಮ್ರ, ಕ್ರೋಮಿಯಂ, ನಿಕಲ್‌ಗೆ ಐಸಿಪಿ-ಓಇಎಸ್ ಧಾರಾಳವಾಗಿ ಸಾಕು. ಐಸಿಪಿ-ಎಂಎಸ್ ಹೆಸರು ಕೇಳಿದ ಮಾತ್ರಕ್ಕೆ ಎಲ್ಲ ಮಾದರಿಯನ್ನೂ ಅಲ್ಲಿಗೇ ಕಳಿಸುವ ಅಗತ್ಯ ನನಗೆ ಕಾಣುವುದಿಲ್ಲ. ಆ ದುಡ್ಡಿನಲ್ಲಿ ಮಾದರಿಗಳ ಸಂಖ್ಯೆ ಹೆಚ್ಚಿಸಿಕೊಳ್ಳಿ. ಪಾದರಸಕ್ಕೆ ಶೀತಬಾಷ್ಪ ವಿಧಾನ ಎಂಬ ಬೇರೆ ದಾರಿ ಇದೆ, ಅದನ್ನು ಬಿಡಿಸಿ ಕೇಳಬೇಕು.

ಲ್ಯಾಬಿಗೆ ಫೋನು ಮಾಡಿದಾಗ ದರ ಕೇಳುವ ಮೊದಲು ಇವನ್ನು ಕೇಳಿ. ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದೆಯೇ, ಇದ್ದರೆ ಅದರ ವ್ಯಾಪ್ತಿಯಲ್ಲಿ ಮಣ್ಣು ಅಥವಾ ಹೂಳಿನಲ್ಲಿ ಈ ಲೋಹಗಳು ಸೇರಿವೆಯೇ? (ನೀರಿಗೆ ಮಾನ್ಯತೆ ಪಡೆದ ಲ್ಯಾಬಿಗೆ ಹೂಳಿಗೂ ಮಾನ್ಯತೆ ಇರಲೇಬೇಕೆಂದಿಲ್ಲ.) ಯಾವ ಆಮ್ಲದಲ್ಲಿ ಕರಗಿಸುತ್ತೀರಿ? ಲೋಹ ಎಷ್ಟಿದೆ ಎಂದು ಮೊದಲೇ ಗೊತ್ತಿರುವ ಪ್ರಮಾಣಿತ ಹೂಳಿನ ಮಾದರಿಯನ್ನು ಜತೆಗೇ ಓಡಿಸಿ ಅದರ ಫಲಿತಾಂಶ ಕೊಡುತ್ತೀರಾ? ಕೊನೆಯ ಪ್ರಶ್ನೆಗೆ ತಡವರಿಸುವ ಲ್ಯಾಬಿನ ಅಂಕಿಗಳನ್ನು ನಾನಾದರೆ ನೆಚ್ಚುವುದಿಲ್ಲ.

ಆಮ್ಲದ ಪ್ರಶ್ನೆ ಏಕೆಂದರೆ, ಹೈಡ್ರೋಕ್ಲೋರಿಕ್ ಮತ್ತು ನೈಟ್ರಿಕ್ ಬೆರೆಸಿದ ರಾಜಾಮ್ಲ ಮರಳಿನ, ಕಲ್ಲಿನ ಹರಳಿನೊಳಗೆ ಬಂದಿಯಾದ ಲೋಹವನ್ನು ಪೂರ್ತಿ ಬಿಡಿಸುವುದಿಲ್ಲ. ಹೈಡ್ರೋಫ್ಲೋರಿಕ್ ಆಮ್ಲ ಬಿಡಿಸುತ್ತದೆ. ಎಕ್ಸ್‌ಆರ್‌ಎಫ್ ಕರಗಿಸದೆಯೇ ಒಟ್ಟನ್ನು ನೋಡುತ್ತದೆ. ಕ್ರೋಮಿಯಂನಲ್ಲಿ ಈ ವ್ಯತ್ಯಾಸ ದೊಡ್ಡದು. ಹೋದ ವರ್ಷ ಎಕ್ಸ್‌ಆರ್‌ಎಫ್, ಈ ವರ್ಷ ರಾಜಾಮ್ಲದಲ್ಲಿ ಕರಗಿಸಿದ ಐಸಿಪಿ ಮಾಡಿಸಿ ‘ಕ್ರೋಮಿಯಂ ಇಳಿದಿದೆ’ ಎಂದರೆ ಇಳಿದದ್ದು ಕೆರೆಯಲ್ಲಲ್ಲ, ವಿಧಾನದಲ್ಲಿ. ಹಲವು ವರ್ಷದ ಯೋಜನೆಗೆ ರಾಜಾಮ್ಲವೇ ಸಾಕು, ಮಧ್ಯದಲ್ಲಿ ಬದಲಿಸಬೇಡಿ.

ಮೇಲ್ಪದರವೋ, ಆಳದ ಕೊಳವೆಯೋ

ಯಂತ್ರದ ಆಯ್ಕೆಗಿಂತ ಈ ಆಯ್ಕೆ ದೊಡ್ಡದು. ಮೇಲಿನ ಮೂರು-ನಾಲ್ಕು ಸೆಂ.ಮೀ. ಹೂಳು ಮಾತ್ರ ತೆಗೆದರೆ ಈಚಿನ ವರ್ಷಗಳ ಸ್ಥಿತಿ ತಿಳಿಯುತ್ತದೆ. ಕೆಲಸ ಸುಲಭ, ಹೆಚ್ಚು ಜಾಗ ನೋಡಬಹುದು. ಬಂದರಿನಲ್ಲಾದರೆ ದೋಣಿಯಿಂದ ವ್ಯಾನ್ ವೀನ್ ಎಂಬ ಕಬ್ಬಿಣದ ಬಾಯಿಯನ್ನು ಇಳಿಸಿ ಕೆಸರು ಕಚ್ಚಿ ಎತ್ತುತ್ತಾರೆ. ಕೆರೆಯಲ್ಲಿ ನೀರು ತಗ್ಗಿದಾಗ ಪ್ಲಾಸ್ಟಿಕ್ ಸೌಟು ಸಾಕು, ತುಂಬಿದ್ದರೆ ಮೀನು ಹಿಡಿಯುವವರ ತೆಪ್ಪ ಬೇಕು.

ಕೊಳವೆಯನ್ನು ಎರಡು-ಮೂರು ಅಡಿ ಕೆಸರಿಗೆ ಇಳಿಸಿ, ಬಾಯಿ ಮುಚ್ಚಿ ಎಳೆದರೆ ಪದರಗಳು ಮುರಿಯದೆ ಬರುತ್ತವೆ. ಬಂದರಿನ ಸಂಶೋಧಕರು ಇದನ್ನು ಎರಡೆರಡು ಸೆಂ.ಮೀ. ಬಿಲ್ಲೆಗಳಾಗಿ ಕತ್ತರಿಸಿ, ಸೀಸ-210 ಎಂಬ ವಿಕಿರಣ ಸೀಸದಿಂದ (ಅದರ ಅರ್ಧಾಯುಷ್ಯ ಸುಮಾರು 22 ವರ್ಷ) ಒಂದೊಂದು ಬಿಲ್ಲೆಗೂ ವಯಸ್ಸು ಹಚ್ಚುತ್ತಾರೆ. ಅದು ದುಬಾರಿ. ಕೋಲಾರದ ಕೆರೆಗಳಲ್ಲಿ ನಮಗೆ ಆ ಖರ್ಚು ಬೇಕಿಲ್ಲ. 2018ಕ್ಕೆ ಮುಂಚೆ ಎಷ್ಟೋ ಕೆರೆಗಳು ವರ್ಷಗಟ್ಟಲೆ ಬತ್ತಿ, ಬಿರುಕು ಬಿಟ್ಟು, ಜಾಲಿ ಬೆಳೆದು ನಿಂತಿದ್ದವು. ಕೊಳವೆ ಇಳಿಸಿ ನೋಡಿ: ಮೇಲೆ ಕರಿ ಬಣ್ಣದ, ನೀರು ತುಂಬಿದ, ಕೊಳೆತ ವಾಸನೆಯ ಮೆತ್ತನೆ ಹೂಳು. ಅದರ ಕೆಳಗೆ ಒಮ್ಮೆಲೇ ಗಟ್ಟಿಯಾಗುವ ಕಂದು ಮಣ್ಣು, ಅದರಲ್ಲಿ ಜಾಲಿಯ ಬೇರಿನ ಎಳೆಗಳು. ಆ ಕಂದು ಮಣ್ಣು ಹೊರಗಿನ ನೀರು ಬರುವುದಕ್ಕೆ ಮುಂಚಿನದು. ಅದೇ ಕೆರೆಯ, ಅದೇ ಕಲ್ಲಿನಿಂದ ಹುಟ್ಟಿದ, ಹಳೆಯ ಮಣ್ಣು. ಯಾವ ವಿದೇಶಿ ಪಟ್ಟಿಯೂ ಕೊಡದ ಹೋಲಿಕೆಯ ಅಳತೆ ನಿಮಗೆ ಅಲ್ಲೇ, ಕಾಲಡಿಯಲ್ಲೇ ಸಿಗುತ್ತದೆ. ಇಡೀ ಬರಹದಲ್ಲಿ ನಾನು ಒತ್ತಿ ಹೇಳುವ ಸಲಹೆ ಒಂದೇ: ಎಲ್ಲೆಲ್ಲಿ ಮೇಲ್ಪದರ ತೆಗೆಯುತ್ತೀರೋ ಅಲ್ಲೆಲ್ಲ ಈ ಹಳೆಯ ಪದರದ ಮಾದರಿಯನ್ನೂ ತೆಗೆಯಿರಿ.

ಒಂದು ಎಚ್ಚರಿಕೆ. ನೀರು ಬಿಡುವ ಮುಂಚೆ ಅಥವಾ ಆಮೇಲೆ ಜೆಸಿಬಿ ಇಳಿಸಿ ಹೂಳೆತ್ತಿದ ಕೆರೆಯಲ್ಲಿ ಪದರಗಳು ಕಲಸಿಹೋಗಿರುತ್ತವೆ. ಎಲ್ಲಿ ಅಗೆದರು, ಎಲ್ಲಿ ಬಿಟ್ಟರು ಎಂದು ಊರಿನ ನೀರುಗಂಟಿಗೆ, ದನ ಮೇಯಿಸುವವರಿಗೆ ಗೊತ್ತಿರುತ್ತದೆ, ಕೇಳಿ. ಅಗೆಯದ ಜಾಗ ಸಿಗದೇ ಹೋದರೆ, ಅದೇ ಬಗೆಯ ಕಲ್ಲುಮಣ್ಣಿನ, ಹೊರಗಿನ ನೀರು ಸೇರದ ಪಕ್ಕದ ಕೆರೆಯೇ ನಿಮ್ಮ ಅಳತೆ.

ಕೊಳವೆಯ ಬಗ್ಗೆಯೂ ಎಚ್ಚರ ಬೇಕು. ನಮ್ಮ ದೇಶದ ಪಿವಿಸಿ ಪೈಪುಗಳ ತಯಾರಿಕೆಯಲ್ಲಿ ಸೀಸದ ಸಂಯುಕ್ತ ಬಳಸುತ್ತಿದ್ದರು. ಅದನ್ನು ತಡೆಯುವ ನಿಯಮ ಬಂದದ್ದು 2021ರಲ್ಲಿ. ಸೀಸ ಹುಡುಕಲು ಹೊರಟು ಹಳೆಯ ಪಿವಿಸಿ ತುಂಡು ಬಳಸಿದರೆ ಅಳೆದದ್ದು ಪೈಪನ್ನೋ ಕೆರೆಯನ್ನೋ ತಿಳಿಯದು. ಅಕ್ರಿಲಿಕ್ ಅಥವಾ ಪಾಲಿಕಾರ್ಬೊನೇಟ್ ಕೊಳವೆ ಒಳ್ಳೆಯದು. ಪಿವಿಸಿಯೇ ಗತಿ ಎಂದಾದರೆ ಪೈಪಿನ ಗೋಡೆಗೆ ತಾಗಿದ ಹೂಳಿನ ಹೊರ ಅಂಚನ್ನು ಪ್ಲಾಸ್ಟಿಕ್ ಚಾಕುವಿನಿಂದ ಕೆತ್ತಿ ಎಸೆದು, ನಡುವಿನದನ್ನು ಮಾತ್ರ ಇಟ್ಟುಕೊಳ್ಳಿ. ಹಿತ್ತಾಳೆ ಜರಡಿಯೂ ಬೇಡ, ಅದರಲ್ಲಿ ಇರುವುದೇ ತಾಮ್ರ ಮತ್ತು ಸತು. ನೈಲಾನ್ ಜರಡಿ ಬಳಸಿ.

ಮರಳು ಮತ್ತು ಜೇಡಿಯ ಲೆಕ್ಕ

ಕಾಲುವೆ ಕೆರೆಗೆ ಬೀಳುವ ಕಡೆ ಮರಳು ನಿಲ್ಲುತ್ತದೆ, ಏರಿಯ ಪಕ್ಕ, ತೂಬಿನ ಹತ್ತಿರ ನುಣ್ಣನೆ ಜೇಡಿ. ಲೋಹ ಅಂಟುವುದು ಜೇಡಿಗೆ. ಒಂದು ಉದಾಹರಣೆ ಹಾಕೋಣ: ಕಾಲುವೆ ಬಾಯಲ್ಲಿ ಸೀಸ 10, ತೂಬಿನ ಹತ್ತಿರ 40 ಬಂತು. ತೂಬಿನ ಕಡೆ ನಾಲ್ಕು ಪಟ್ಟು ಮಾಲಿನ್ಯವೇ? ಜತೆಯಲ್ಲಿ ಅಲ್ಯುಮಿನಿಯಂ ಅಳೆಸಿದ್ದರೆ ಗೊತ್ತಾಗುತ್ತದೆ. ಅದು ಜೇಡಿಯ ಪಾಲನ್ನು ತೋರಿಸುತ್ತದೆ. ಅಲ್ಯುಮಿನಿಯಂ ಮರಳಿನಲ್ಲಿ ಶೇ 2, ಜೇಡಿಯಲ್ಲಿ ಶೇ 8 ಇದ್ದರೆ, ಸೀಸವನ್ನು ಅದರಿಂದ ಭಾಗಿಸಿದಾಗ ಎರಡು ಕಡೆಯೂ ಅನುಪಾತ 5. ವ್ಯತ್ಯಾಸ ಪೂರ್ತಿ ಕಣದ ಗಾತ್ರದ್ದು.

ಇದಕ್ಕೆ ಎರಡು ದಾರಿ. ಎಲ್ಲ ಮಾದರಿಯನ್ನೂ 63 ಮೈಕ್ರಾನ್ ಜರಡಿಯಲ್ಲಿ ಸೋಸಿ ನುಣ್ಣನೆಯದನ್ನು ಮಾತ್ರ ಅಳೆಯುವುದು, ಅಥವಾ ಹಾಗೆಯೇ ಅಳೆದು ಅಲ್ಯುಮಿನಿಯಂನಿಂದ ಭಾಗಿಸುವುದು. ಏರಿಳಿತ ಹುಡುಕುವವರಿಗೆ ಮೊದಲನೆಯದು ಸ್ಪಷ್ಟ ಚಿತ್ರ ಕೊಡುತ್ತದೆ. ರೈತರಿಗೆ ಜರಡಿ ಹಿಡಿಯದೆ, ಭಾಗಿಸದೆ ಹಾಗೆಯೇ ಅಳೆದ ಅಂಕಿಯೇ ಸರಿ, ಏಕೆಂದರೆ ಹೊಲಕ್ಕೆ ಹೋಗುವ ಟ್ರ್ಯಾಕ್ಟರಿನಲ್ಲಿ ಮರಳೂ ಇರುತ್ತದೆ.

ಒಟ್ಟು ಎಷ್ಟು, ಗಿಡಕ್ಕೆ ಸಿಗುವುದೆಷ್ಟು

ಒಟ್ಟು ಲೋಹವೆಲ್ಲ ಬೆಳೆಗೆ ಸಿಗುವುದಿಲ್ಲ. ಸಿಗುವ ಪಾಲನ್ನು ಅಂದಾಜಿಸಲು ಡಿಟಿಪಿಎ ದ್ರಾವಣದ ಪರೀಕ್ಷೆ ಇದೆ. ಮಣ್ಣು ಪರೀಕ್ಷಾ ಕೇಂದ್ರಗಳಲ್ಲಿ ಸತು, ತಾಮ್ರಕ್ಕೆ ಮಾಡುವುದೂ ಅದನ್ನೇ. ಅದೇ ದ್ರಾವಣದಲ್ಲಿ ಸೀಸ, ಕ್ಯಾಡ್ಮಿಯಂ ಕೂಡ ಅಳೆದುಕೊಡಿ ಎಂದು ಕೃಷಿ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಕೇಳಬಹುದು. ಹಂತ ಹಂತವಾಗಿ ಬಿಡಿಸಿ ಯಾವ ರೂಪದಲ್ಲಿ ಎಷ್ಟು ಇದೆ ಎಂದು ನೋಡುವ ಬಿಸಿಆರ್ ಮುಂತಾದ ಕ್ರಮಗಳು ಸಂಶೋಧನೆಗೆ ಸರಿ, ಪಂಚಾಯಿತಿಯ ಜೇಬಿಗೆ ಭಾರ.

ಕೆರೆ ಒಣಗಿದಾಗ ಏನಾಗುತ್ತದೆ ಎಂಬುದನ್ನು ಮಾತ್ರ ಎಲ್ಲರೂ ತಿಳಿದಿರಬೇಕು. ನೀರಿನಡಿ ಗಾಳಿಯಾಡದ ಕರಿ ಹೂಳಿನಲ್ಲಿ ಲೋಹಗಳು ಗಂಧಕದ ಜತೆ ಬಿಗಿಯಾಗಿ ಕೂಡಿಕೊಂಡಿರುತ್ತವೆ. ಅದನ್ನು ಎತ್ತಿ ಬಿಸಿಲಿಗೆ ಹರಡಿದರೆ ಗಾಳಿ ತಾಗಿ ಆ ಬಂಧ ಸಡಿಲವಾಗುತ್ತದೆ, ಸಿಗುವ ಪಾಲು ಹೆಚ್ಚುತ್ತದೆ. ಆದ್ದರಿಂದ ಹೊಲಕ್ಕೆ ಹಾಕುವವರು ಡಿಟಿಪಿಎ ಪರೀಕ್ಷೆಯನ್ನು ಹಸಿ ಹೂಳಿನ ಮೇಲಲ್ಲ, ಹೊಲದಲ್ಲಿ ಹರಡಿ ಕೆಲವು ವಾರ ಕಳೆದ ಗೋಡಿನ ಮೇಲೆ ಮಾಡಿಸಬೇಕು.

ಮೀನು, ಚಿಪ್ಪು, ಜೊಂಡು ಅಳೆಯುವ ದಾರಿಯೂ ಇದೆ. ಬಂದರುಗಳಲ್ಲಿ ಚಿಪ್ಪುಮೀನು ದಶಕಗಳಿಂದ ಕಾವಲುಗಾರ. ಕೆರೆಯ ಮೀನನ್ನು ಜನ ತಿನ್ನುತ್ತಾರಾದ್ದರಿಂದ ಅದಕ್ಕೂ ಬೆಲೆಯಿದೆ, ಆದರೆ ಕ್ಯಾಡ್ಮಿಯಂ ಕೂಡುವುದು ಹೆಚ್ಚಾಗಿ ಯಕೃತ್ತು, ಮೂತ್ರಪಿಂಡದಲ್ಲಿ. ಮಾಂಸ ಮಾತ್ರ ಅಳೆದರೆ ಕೆರೆಯ ಸ್ಥಿತಿ ತಿಳಿಯದು.

ಯಾರಿಗೆ ಯಾವುದು

ಗೋಡು ಹೊಡೆಸುವ ರೈತರು ಮೊದಲು ಈ ಲೆಕ್ಕ ನೋಡಿ. ಎಕರೆಗೆ 20 ಲೋಡು, ಲೋಡಿಗೆ 3 ಟನ್ನಿನಂತೆ 60 ಟನ್ ಹಾಕುತ್ತೀರಿ ಅಂದುಕೊಳ್ಳೋಣ. ಒಂದು ಎಕರೆಯ ಉಳುವ ಪದರ, ಅರ್ಧ ಅಡಿ ಆಳಕ್ಕೆ, ಸುಮಾರು 900 ಟನ್ ತೂಗುತ್ತದೆ. ಗೋಡಿನಲ್ಲಿ ಸೀಸ ನಿಮ್ಮ ಹೊಲಕ್ಕಿಂತ ಕೆಜಿಗೆ 40 ಮಿಲಿಗ್ರಾಂ ಹೆಚ್ಚಿದ್ದರೆ, ಬೆರೆತ ಮೇಲೆ ಹೊಲದಲ್ಲಿ ಏರುವುದು 2.5 ಮಿಲಿಗ್ರಾಂ. ಒಂದು ಸಲಕ್ಕೆ ಹೆದರುವಂಥದ್ದಲ್ಲ. ಆದರೆ ಲೋಹ ಕೊಳೆಯುವುದಿಲ್ಲ, ಐದು ವರ್ಷಕ್ಕೊಮ್ಮೆ ಹಾಕಿದರೆ ಅಷ್ಟಷ್ಟೇ ಕೂಡುತ್ತಾ ಹೋಗುತ್ತದೆ. ಹಾಗಾಗಿ ರೈತರಿಗೆ ಎರಡೇ ಮಾದರಿ ಸಾಕು: ಗೋಡಿನದು ಒಂದು, ಹೊಲದ್ದು ಒಂದು. ಐದಾರು ಕಡೆಯಿಂದ ತೆಗೆದು ಬೆರೆಸಿ, ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ನಿಕಲ್ ಅಳೆಸಿ, ರಸಸಾರವನ್ನೂ ಕೇಳಿ. ಹಿಪ್ಪುನೇರಳೆ, ಮಾವಿಗೆ ಹಾಕುವವರಿಗಿಂತ ದಂಟು, ಪಾಲಕ್, ಮೆಂತ್ಯದಂಥ ಸೊಪ್ಪು ಬೆಳೆಯುವವರು ಕ್ಯಾಡ್ಮಿಯಂ ಬಗ್ಗೆ ಹೆಚ್ಚು ಬಿಗಿಯಾಗಿರಲಿ, ಎಲೆಗೆ ಅದು ಬೇಗ ಏರುತ್ತದೆ.

ಪಂಚಾಯಿತಿ, ಕೆರೆ ಸಂಘದವರಿಗೆ ನನ್ನ ಆಯ್ಕೆ ಐಸಿಪಿ-ಓಇಎಸ್, ಎಂಟು-ಹತ್ತು ಮಾದರಿ. ಕಾಲುವೆ ಬಾಯಿ, ಕೆರೆಯ ನಡು, ತೂಬಿನ ಹತ್ತಿರ, ಈ ಮೂರು ಕಡೆ ಮೇಲ್ಪದರ ಮತ್ತು ಹಳೆಯ ಪದರ ಸೇರಿ ಆರು. ಅವುಗಳಲ್ಲಿ ಒಂದನ್ನೇ ಹೆಸರು ಬದಲಿಸಿ ಮತ್ತೊಮ್ಮೆ ಕಳಿಸಿ, ಎರಡೂ ಒಂದೇ ಬಂದರೆ ಲ್ಯಾಬು ನೆಟ್ಟಗಿದೆ. ಪಕ್ಕದ ಕೆರೆಯದು ಒಂದು. ಕ್ಯಾಡ್ಮಿಯಂ ಮಾತ್ರ ಮೂರು ಮಾದರಿಯಲ್ಲಿ ಐಸಿಪಿ-ಎಂಎಸ್‌ಗೆ ಹೋಗಲಿ. ವರ್ಷಕ್ಕೊಮ್ಮೆ ಬೇಕಿಲ್ಲ, ಹೂಳು ಅಷ್ಟು ಬೇಗ ಕಟ್ಟುವುದಿಲ್ಲ. ಎರಡು ವರ್ಷಕ್ಕೊಮ್ಮೆ ಅದೇ ತಿಂಗಳಲ್ಲಿ ಮಾಡಿ. ಹೊಸ ಪದರದ ಅಂಕಿಯನ್ನು ಹಳೆಯ ಪದರದ ಅಂಕಿಯಿಂದ ಭಾಗಿಸಿ. ಒಂದೂವರೆ ಪಟ್ಟಿನೊಳಗೆ ಇದ್ದರೆ ಸಹಜ ಏರುಪೇರು ಇರಬಹುದು, ಹೂಳಿನ ಮಾಲಿನ್ಯದ ಮಟ್ಟ ಹೇಳಲು ಬಂದರುಗಳಲ್ಲಿ ಬಳಸುವ ಮ್ಯೂಲರ್ ಸೂಚ್ಯಂಕವೂ ಇದೇ ಒಂದೂವರೆಯ ಸಡಿಲ ಕೊಡುತ್ತದೆ. ಎರಡು, ಮೂರು ಪಟ್ಟು ದಾಟಿದರೆ, ಅದೂ ಮೇಲಿನ ಕೆರೆಯಲ್ಲಿ ಹೆಚ್ಚು, ಕೆಳಗಿನದರಲ್ಲಿ ಕಡಿಮೆ ಎಂದು ಸಾಲಾಗಿ ಬಂದರೆ, ಸಣ್ಣ ನೀರಾವರಿ ಇಲಾಖೆಯ ಮುಂದೆ ಇಡಲು ನಿಮ್ಮ ಕೈಯಲ್ಲಿ ಗಟ್ಟಿ ಮಾತಿದೆ. ಕೋರ್ಟಿನವರೆಗೆ ಹೋಗುವ ಉದ್ದೇಶವಿದ್ದರೆ ಮಾದರಿ ತೆಗೆಯುವ ಕೆಲಸವನ್ನೂ ಮಾನ್ಯತೆ ಪಡೆದ ಲ್ಯಾಬಿನವರೇ ಬಂದು, ಸೀಲು ಹಾಕಿ, ಸಹಿ ಪಡೆದು ಮಾಡಬೇಕು.

ಕಾಲೇಜಿನವರಿಗೆ ಎಎಎಸ್ ಮತ್ತು ಎರವಲು ಎಕ್ಸ್‌ಆರ್‌ಎಫ್ ಜೋಡಿ ಒಳ್ಳೆಯದು. ಯಂತ್ರದಿಂದ ನಕ್ಷೆ ಹಾಕಿ, ಅದರಲ್ಲಿ ಎದ್ದು ಕಂಡ ಹತ್ತು ಕಡೆಯದನ್ನು ಮಾತ್ರ ಕರಗಿಸಿ ಅಳೆಯಿರಿ. ಕೆಜಿಎಫ್, ಬೇತಮಂಗಲದ ಕಡೆಯವರು ಅಳೆಸುವ ಲೋಹಗಳ ಪಟ್ಟಿಗೆ ಆರ್ಸೆನಿಕ್, ಪಾದರಸ ಸೇರಿಸಿಕೊಳ್ಳಿ. ಗಣಿ ಮುಚ್ಚಿದ್ದು 2001ರ ಫೆಬ್ರುವರಿ 28ರಂದು, ಸೈನೈಡ್ ದಿಬ್ಬಗಳ ದೂಳು ಇವತ್ತಿಗೂ ಗಾಳಿಯಲ್ಲಿದೆ. ಚಿನ್ನದ ಅದಿರಿನೊಡನೆ ಆರ್ಸೆನಿಕ್ ಇರುವುದನ್ನು ಲೋಕದ ಅನೇಕ ಗಣಿಗಳಲ್ಲಿ ಕಂಡಿದ್ದಾರೆ. ಪಾದರಸದ ಮಾದರಿಯನ್ನು ಗಾಜಿನ ಬಾಟಲಿಯಲ್ಲಿ ತುಂಬಿಡಿ. ಅದನ್ನು ಒಲೆಯ ಬಿಸಿಗೆ ಒಣಗಿಸಬೇಡಿ, ಪಾದರಸ ಆರಿಹೋಗುತ್ತದೆ.

ಪರೀಕ್ಷೆಗೆ ಕಳಿಸಿ ಉಳಿದ ಒಣ ಹೂಳನ್ನು ಎಸೆಯಬೇಡಿ. ಕಾಲು ಕೆಜಿಯಷ್ಟನ್ನು ಪ್ಲಾಸ್ಟಿಕ್ ಬಾಟಲಿಗೆ ಹಾಕಿ ಬಿಗಿದು, ಪಂಚಾಯಿತಿ ಕಚೇರಿಯಲ್ಲೋ ಕಾಲೇಜಿನ ಬೀರುವಿನಲ್ಲೋ ಇಡಿ. ಪಾದರಸವೊಂದು ಬಿಟ್ಟರೆ ಉಳಿದ ಲೋಹಗಳ ಮಟ್ಟಿಗೆ ಅದು ವರ್ಷಗಟ್ಟಲೆ ಕೆಡುವುದಿಲ್ಲ. ಮುಂದೆ ಒಳ್ಳೆಯ ಯಂತ್ರ ಕೈಗೆ ಸಿಕ್ಕರೆ, ಅಥವಾ ಯಾರಾದರೂ ನಿಮ್ಮ ಅಂಕಿಯನ್ನು ಒಪ್ಪದೇ ಹೋದರೆ, ಅದೇ ಮಣ್ಣನ್ನು ಮತ್ತೆ ಅಳೆಯಬಹುದು. ಬಾಟಲಿಯ ಮೇಲೆ ಕೆರೆಯ ಹೆಸರು, ತಾರೀಖು, ಮೊಬೈಲ್ ತೋರಿಸಿದ ಅಕ್ಷಾಂಶ-ರೇಖಾಂಶ, ಎಷ್ಟು ಸೆಂ.ಮೀ.ನಿಂದ ಎಷ್ಟು ಸೆಂ.ಮೀ. ಆಳದ್ದು, ತೆಗೆದವರು ಯಾರು ಎಂದು ಪೆನ್ಸಿಲ್ಲಿನಲ್ಲಿ ಬರೆದ ಚೀಟಿ ಅಂಟಿಸಿ. ಇಂಕು ನೀರು ತಾಗಿದರೆ ಹರಡುತ್ತದೆ.